ಕಡಲಂಚಿನ ಮೊದಲ ಸಾಲು ಯಾರದ್ದು?

ಸಿಂಗಪುರದ ಈಸ್ಟ್ ಕೋಸ್ಟ್ ಪಾರ್ಕ್‌ನ ದಂಡೆಯಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಹಡಗುಗಳು. ಲಂಗರು ಇಳಿಸಿ ಸರದಿ ಕಾಯುತ್ತಿರುವ ಎಣ್ಣೆಹಡಗು, ಸರಕುಹಡಗುಗಳ ಉದ್ದನೆಯ ಸಾಲು. ಬಾನು ತಿಳಿಯಾಗಿದ್ದರೆ ಅವುಗಳಾಚೆ ಇಂಡೊನೇಷ್ಯಾದ ದ್ವೀಪಗಳ ಮಸುಕು ಗೆರೆ. ಜಲಸಂಧಿಯ ನೀರಾದ್ದರಿಂದ ಅಲೆಗಳ ಅಬ್ಬರವಿಲ್ಲ. ಮರವಂತೆಯ ಮುಸ್ಸಂಜೆಯನ್ನೋ ಗೋಕರ್ಣದ ಗುಡ್ಡದ ಮೇಲಿನಿಂದ ಓಂ ಬೀಚನ್ನೋ ಕಂಡವರಿಗೆ ಇದು ಸಾಧಾರಣ ನೋಟ ಎನಿಸಿದರೆ ಅಚ್ಚರಿಯಿಲ್ಲ. ಆದರೂ ಅಲ್ಲಿಗೆ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಬಾರಿ ಜನ ಬಂದುಹೋಗುತ್ತಾರೆಂಬುದು ಅಲ್ಲಿನ ಉದ್ಯಾನ ಮಂಡಳಿಯ ಲೆಕ್ಕ. ನಡೆಯುವವರು, ಓಡುವವರು, ಮಕ್ಕಳಿಗೆ ಸೈಕಲ್ ಕಲಿಸುವ ತಂದೆತಾಯಂದಿರು, ಗಾಳ ಹಾಕಿ ಕೂತ ವೃದ್ಧರು ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿರುತ್ತಾರೆ. ನೋಟವೇ ಜನರನ್ನು ಸೆಳೆಯುವುದಾದರೆ ಈ ಲೆಕ್ಕ ಹೊಂದುವುದಿಲ್ಲ. ಹದಿನೈದು ಕಿಲೋಮೀಟರ್ ಉದ್ದಕ್ಕೆ, ಒಂದು ರೂಪಾಯಿ ಕೊಡದೆ, ಒಂದು ಗೇಟು ದಾಟದೆ, ಯಾರ ಅಪ್ಪಣೆಯೂ ಇಲ್ಲದೆ ಕಡಲ ಪಕ್ಕ ಹೋಗುತ್ತಲೇ ಇರಬಹುದು ಎಂಬುದೇ ಆ ಉದ್ಯಾನದ ನಿಜವಾದ ಆಸ್ತಿ. ಕಡಲ ಉದ್ಯಾನಕ್ಕೆ ಜೀವ ಬರುವುದು ಮುರಿಯದ ದಾರಿಯಿಂದ, ಆ ದಾರಿಯ ಮೇಲೆ ಜನಸಾಮಾನ್ಯರಿಗಿರುವ ಹಕ್ಕಿನಿಂದ. ಕರಾವಳಿಯ ಅಭಿವೃದ್ಧಿಯ ಬಗ್ಗೆ ಇಷ್ಟೊಂದು ಮಾತಾಡುತ್ತಿರುವ ನಾವು ಇದನ್ನು ಸಾವಧಾನವಾಗಿ ಯೋಚಿಸಬೇಕಾಗಿದೆ.

ಆ ದಾರಿ ಅಲ್ಲಿಗೆ ತಾನಾಗಿ ಬಂದದ್ದಲ್ಲ. ಉದ್ಯಾನ ಇರುವ ನೆಲವೇ ಅರವತ್ತು ವರ್ಷಗಳ ಹಿಂದೆ ಇರಲಿಲ್ಲ. ಕಟಾಂಗ್, ಸಿಗ್ಲಾಪ್, ಬೆಡೋಕ್ ಊರುಗಳ ಮನೆಗಳ ಮುಂದೆಯೇ ಆಗ ಕಡಲಿತ್ತು. 1966ರಲ್ಲಿ ಆರಂಭವಾದ ಬೃಹತ್ ಯೋಜನೆಯಲ್ಲಿ ಒಳನಾಡಿನ ಗುಡ್ಡಗಳನ್ನು ಅಗೆದು, ಆ ಮಣ್ಣನ್ನು ಕನ್ವೇಯರ್ ಪಟ್ಟಿಗಳ ಮೇಲೆ ದಡಕ್ಕೆ ಸಾಗಿಸಿ, ಸುಮಾರು ಎರಡು ದಶಕಗಳಲ್ಲಿ 1,500 ಹೆಕ್ಟೇರಿಗೂ ಹೆಚ್ಚು ಕಡಲನ್ನು ನೆಲ ಮಾಡಲಾಯಿತು. ಹೊಸ ದಂಡೆ ಕೊಚ್ಚಿಹೋಗದಂತೆ ಅಲ್ಲಲ್ಲಿ ಕಲ್ಲಿನ ಚಾಚುಗಳನ್ನು ಕಟ್ಟಿದರು. ಅವುಗಳ ನಡುವೆ ಮರಳು ಬಾಗಿ ನಿಂತು ಅರ್ಧಚಂದ್ರದಂಥ ಪುಟ್ಟ ಕೊಲ್ಲಿಗಳಾದವು. ಹೊಸ ನೆಲದ ಮೇಲೆ ಮರೀನ್ ಪರೇಡ್‌ನಂಥ ಸರ್ಕಾರಿ ವಸತಿ ಬಡಾವಣೆ ಎದ್ದಿತು, ವಿಮಾನ ನಿಲ್ದಾಣಕ್ಕೆ ಹೋಗುವ ವೇಗಮಾರ್ಗ ಬಂತು. ಎಲ್ಲಕ್ಕಿಂತ ಹೊರಗಿನ, ನೀರಿಗೆ ತಾಗಿದ ಪಟ್ಟಿಯನ್ನು ಉದ್ಯಾನವೆಂದು ಬಿಟ್ಟರು. ಅದರ ಈಗಿನ ವಿಸ್ತೀರ್ಣ 185 ಹೆಕ್ಟೇರ್. ಇಂಚಿಂಚು ನೆಲಕ್ಕೂ ಹೊಡೆದಾಡುವ ದೇಶವೊಂದು ಬೊಕ್ಕಸದ ಹಣ ಸುರಿದು ಹೊಸ ನೆಲ ಎಬ್ಬಿಸಿ, ಅದರಲ್ಲಿ ಅತಿ ಹೆಚ್ಚು ಬೆಲೆ ಬಾಳುವ ಮೊದಲ ಸಾಲನ್ನು ಮಾರದೆ ಉಳಿಸಿಕೊಂಡಿತು. ಕಡಲಿಗೆ ಮುಖ ಮಾಡಿದ ಹೋಟೆಲುಗಳನ್ನೂ ಬಂಗಲೆಗಳನ್ನೂ ಅಲ್ಲಿ ಸಾಲಾಗಿ ನಿಲ್ಲಿಸಿದ್ದರೆ ಖರ್ಚಿನ ದೊಡ್ಡ ಪಾಲು ಮರಳುತ್ತಿತ್ತು. ಹಾಗೆ ಮಾಡದಿರುವುದು ಉದ್ದೇಶಪೂರ್ವಕ ನಿರ್ಧಾರವಾಗಿತ್ತು. ಮಿಕ್ಕಿದ್ದೆಲ್ಲ ಆ ಒಂದು ನಿರ್ಧಾರದಿಂದ ಹುಟ್ಟಿದೆ.

ದಾರಿ ಮುರಿಯದಿರುವುದಕ್ಕೆ ಏಕೆ ಇಷ್ಟು ಬೆಲೆ ಎಂದರೆ, ನಡಿಗೆಗೂ ಸೈಕಲಿಗೂ ಜಾಗದ ಅಗಲಕ್ಕಿಂತ ಉದ್ದ ಮುಖ್ಯ. ಮುನ್ನೂರು ಮೀಟರಿನ ಉದ್ಯಾನದಲ್ಲಿ ಸುತ್ತು ಹಾಕಬಹುದು, ಎಲ್ಲಿಗೂ ಹೋಗಲಾಗದು. ಐದು ಕಿಲೋಮೀಟರ್ ದಾಟಿದ ಮೇಲೆ ನಡಿಗೆ ಒಂದು ಪಯಣವಾಗುತ್ತದೆ. ಸೈಕಲಿಗಂತೂ ಅದಕ್ಕಿಂತ ಕಡಿಮೆ ದೂರದಲ್ಲಿ ಅರ್ಥವೇ ಇಲ್ಲ. ಈಸ್ಟ್ ಕೋಸ್ಟ್‌ನಲ್ಲಿ ನಡೆಯುವವರ ಹಾದಿ ಬೇರೆ, ಸೈಕಲಿನ ಹಾದಿ ಬೇರೆ; ಎರಡೂ ಅಕ್ಕಪಕ್ಕದಲ್ಲೇ ಮರಗಳ ನೆರಳಲ್ಲಿ ಸಾಗುತ್ತವೆ. ಪೂರ್ವದ ತುದಿಯಲ್ಲೂ ದಾರಿ ನಿಲ್ಲದೆ ಚಾಂಗಿ ವಿಮಾನ ನಿಲ್ದಾಣದ ಬೇಲಿಯ ಪಕ್ಕದಲ್ಲಿ ಚಾಂಗಿ ಕಡಲತೀರದ ಕಡೆಗೆ ಹೊರಳುತ್ತದೆ. 1990ರ ದಶಕದಿಂದ ಉದ್ಯಾನ ಉದ್ಯಾನಗಳನ್ನು ಬೆಸೆಯುತ್ತ ಬಂದ ಹಸಿರು ಹಾದಿಗಳ ಜಾಲ ಈಗ 300 ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದೆ. ಈ ದಂಡೆ ಅದರ ಒಂದು ಎಳೆ. ಜನ ಹೆಚ್ಚಿದಂತೆ ಜಗಳವೂ ಬಂತು, ನಿಯಮವೂ ಬಂತು. ಸೈಕಲ್ ಹಾದಿಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗ ಮೀರುವಂತಿಲ್ಲ. ವಿದ್ಯುತ್ ಸ್ಕೂಟರುಗಳ ಹಾವಳಿಯಿಂದ ಅಪಘಾತಗಳು ಹೆಚ್ಚಿದಾಗ, 2019ರ ನವೆಂಬರಿನಲ್ಲಿ ದೇಶದಾದ್ಯಂತ ಕಾಲುಹಾದಿಗಳಲ್ಲಿ ಅವನ್ನು ನಿಷೇಧಿಸಲಾಯಿತು. ಅಜ್ಜಿಯೊಬ್ಬರು ಹಿಂದೆ ತಿರುಗಿ ನೋಡುತ್ತ ಹೆದರಿ ನಡೆಯಬೇಕಾದ ಕಡೆ ಎಂಥ ಕಡಲಿದ್ದರೂ ಅದು ಅವರ ಪಾಲಿಗಿಲ್ಲ.

ಇನ್ನು ಸಣ್ಣ ಸಣ್ಣ ಅನುಕೂಲಗಳು. ನಕ್ಷೆಯಲ್ಲಿ ಅವು ಕಾಣುವುದಿಲ್ಲ, ಆದರೆ ಅವಿಲ್ಲದೆ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಯಾರೂ ಅರ್ಧ ದಿನ ಕಳೆಯಲಾರರು. ಬಾಡಿಗೆ ಸೈಕಲ್, ಕುಡಿಯುವ ನೀರು, ಶೌಚಾಲಯ, ಸಮುದ್ರದ ನೀರು ತೊಳೆದುಕೊಳ್ಳಲು ನಲ್ಲಿ, ಕೂರಲು ಕಟ್ಟೆ. 1970ರ ದಶಕದಿಂದ ಇರುವ, ಅಗ್ಗದ ಊಟಕ್ಕೆ ಹೆಸರಾದ ತೆರೆದ ಅಂಗಳದ ತಿಂಡಿ ಮಳಿಗೆಗಳು. ನೆರಳಿಗೆ ತೆಂಗು, ಗಾಳಿಮರ, ಮಳೆಮರ, ಕಾಡುಬಾದಾಮಿ; ಹೆಚ್ಚಿನವು ನಮ್ಮ ಉಡುಪಿ, ಕುಂದಾಪುರದವರೂ ಗುರುತು ಹಿಡಿಯುವ ಮರಗಳೇ. ಟಿಕೆಟ್ಟಿಲ್ಲದ್ದರಿಂದ ಭಾನುವಾರ ಅಲ್ಲಿ ಶ್ರೀಮಂತರ ದುಬಾರಿ ಸೈಕಲುಗಳ ಪಕ್ಕದಲ್ಲೇ, ವಾರಕ್ಕೊಂದು ದಿನ ಬಿಡುವು ಸಿಕ್ಕ ಮನೆಗೆಲಸದ ಹೆಂಗಸರು ಚಾಪೆ ಹಾಸಿ ಬುತ್ತಿ ಬಿಚ್ಚುತ್ತಾರೆ. ದುಡ್ಡಿದ್ದವರಿಗೆ ಕಡಲು ನೋಡಲು ಸಾವಿರ ದಾರಿಗಳಿವೆ. ಸಾರ್ವಜನಿಕ ದಂಡೆಯ ಅಗತ್ಯ ಇರುವುದು ಆ ಚಾಪೆಯವರಿಗೆ.

ಈ ಉದ್ಯಾನಕ್ಕೆ ಒಂದು ದೊಡ್ಡ ಕೊರತೆಯೂ ಇದೆ, ಅದೇ ನನ್ನ ವಾದಕ್ಕೆ ಗಟ್ಟಿ ಪುರಾವೆ. ಮನೆಗಳಿಗೂ ದಂಡೆಗೂ ನಡುವೆ ವೇಗಮಾರ್ಗ ಹಾಯುತ್ತದೆ. ಕಡಲು ಹತ್ತಿರವೇ ಇದ್ದರೂ ಅಲ್ಲಿಗೆ ತಲುಪಲು ಎಲ್ಲೋ ಇರುವ ಸುರಂಗ ದಾರಿಯನ್ನೋ ಮೇಲ್ಸೇತುವೆಯನ್ನೋ ಹುಡುಕಿಕೊಂಡು ಹೋಗಬೇಕು. ಹತ್ತಿರದಲ್ಲಿ ರೈಲು ನಿಲ್ದಾಣ ಇರಲಿಲ್ಲವಾದ್ದರಿಂದ ದಶಕಗಳ ಕಾಲ ಕಾರಿದ್ದವರಿಗೆ ಅದು ಸುಲಭದ ಜಾಗ, ಇಲ್ಲದವರಿಗೆ ಹೆಣಗಿ ತಲುಪುವ ಜಾಗವಾಗಿತ್ತು. 2024ರ ಜೂನ್‌ನಲ್ಲಿ ತಾಂಜೋಂಗ್ ರೂನಿಂದ ಬೇಶೋರ್‌ವರೆಗೆ ಹೊಸ ಮೆಟ್ರೊ ಮಾರ್ಗದ ಏಳು ನಿಲ್ದಾಣಗಳು ತೆರೆದ ಮೇಲೆ ಈ ದೂರ ಕಡಿಮೆಯಾಯಿತು. ಉದ್ಯಾನ ಅದೇ, ಕಡಲು ಅದೇ, ಹಡಗುಗಳೂ ಅವೇ. ತಲುಪುವ ದಾರಿ ಬದಲಾದಾಗ ಅದು ಹೊಸದಾಗಿ ಎಷ್ಟೋ ಜನರ ಪಾಲಿಗೆ ದಕ್ಕಿತು. ಕಡಲಂಚಿನ ಯೋಜನೆಗಳಲ್ಲಿ ದಂಡೆಯ ಅಲಂಕಾರಕ್ಕೆ ಕೋಟಿಗಟ್ಟಲೆ ಹಣ ಇಟ್ಟು, ಬಸ್ ನಿಲ್ದಾಣದಿಂದ ದಂಡೆಗೆ ಬರುವ ಅರ್ಧ ಕಿಲೋಮೀಟರಿಗೆ ಏನೂ ಇಡದವರು ಈ ಇತಿಹಾಸವನ್ನು ಓದಬೇಕು.

ಇಲ್ಲಿಗೆ ಮೊದಲ ಆಕ್ಷೇಪ. ಕಡಲನ್ನೇ ಮುಚ್ಚಿ ಮಾಡಿದ ಉದ್ಯಾನವನ್ನು ಮಾದರಿಯೆಂದು ಎತ್ತಿ ಹಿಡಿಯುವುದು ಸರಿಯೇ? ಆಕ್ಷೇಪದಲ್ಲಿ ಹುರುಳಿದೆ, ಅದನ್ನು ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ಹಳೆಯ ದಂಡೆಯ ಜೊತೆಗೆ ಮಲಯ ಮೀನುಗಾರರ ಊರುಗಳ ಬದುಕೂ ಹೂತುಹೋಯಿತು. ಆಮೇಲಿನ ದಶಕಗಳಲ್ಲಿ ಸಿಂಗಪುರ ತನ್ನ ನೆಲ ಬೆಳೆಸಲು ನೆರೆಯ ದೇಶಗಳಿಂದ ಮರಳು ತರಿಸಿತು. ಇಂಡೊನೇಷ್ಯಾ 2003ರಲ್ಲಿ ಕಡಲ ಮರಳಿನ ರಫ್ತನ್ನು ನಿಲ್ಲಿಸಿತು, ಕಾಂಬೋಡಿಯಾ 2017ರಲ್ಲಿ ಬಾಗಿಲು ಹಾಕಿತು. ಯಾರದೋ ನದೀಮುಖ, ಯಾರದೋ ದ್ವೀಪ ಸವೆದು ಇನ್ನೊಬ್ಬರ ನೆಲ ಬೆಳೆಯುವುದನ್ನು ನ್ಯಾಯವೆನ್ನಲಾಗದು. ಈಗ ಅದೇ ಉದ್ಯಾನದ ಮುಂದೆ ‘ಲಾಂಗ್ ಐಲೆಂಡ್’ ಎಂಬ ಹೊಸ ಯೋಜನೆ ಬರಲಿದೆ. ಏರುತ್ತಿರುವ ಸಮುದ್ರಮಟ್ಟದಿಂದ ತಗ್ಗಿನ ಪೂರ್ವ ಕರಾವಳಿಯನ್ನು ಕಾಯಲು ಸುಮಾರು 800 ಹೆಕ್ಟೇರ್ ಹೊಸ ನೆಲ ಎತ್ತರಿಸಿ, ಅದಕ್ಕೂ ಹಳೆಯ ದಂಡೆಗೂ ನಡುವಿನ ನೀರನ್ನು ಸಿಹಿನೀರಿನ ಜಲಾಶಯವಾಗಿಸುವ ಆಲೋಚನೆ 2023ರ ನವೆಂಬರಿನಲ್ಲಿ ಪ್ರಕಟವಾಯಿತು. ಹಾಗಾದರೆ ಇಂದಿನ ದಂಡೆಯಲ್ಲಿ ನಿಂತವರಿಗೆ ಮುಂದೊಂದು ದಿನ ಕಾಣುವುದು ಜಲಾಶಯ. ಇಳಿತದಲ್ಲಿ ತೆರೆದುಕೊಳ್ಳುವ ಮರಳಿನಲ್ಲಿ ಬದುಕುವ ನಕ್ಷತ್ರಮೀನು, ಏಡಿ, ಕಡಲಹುಲ್ಲುಗಳ ಗತಿಯೇನೆಂದು ಅಲ್ಲಿನ ಪ್ರಕೃತಿಪ್ರಿಯರು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ. ಹೊಸ ಯೋಜನೆಯಲ್ಲೂ ಸುಮಾರು 20 ಕಿಲೋಮೀಟರ್ ನೀರಂಚನ್ನು ಉದ್ಯಾನಕ್ಕೇ ಬಿಡುವುದಾಗಿ ಸರ್ಕಾರ ಹೇಳಿದೆ. ಕಡಲು ಮುಚ್ಚುವ ಕೆಲಸವನ್ನು ನಾನು ಸಮರ್ಥಿಸುತ್ತಿಲ್ಲ. ನೀರಂಚು ಎಲ್ಲಿಗೇ ಸರಿದರೂ ಅದು ಸಾರ್ವಜನಿಕರದ್ದು ಎಂಬ ಅವರ ನಿಯಮವನ್ನಷ್ಟೇ ಬೇರೆ ಮಾಡಿ ನೋಡಲು ಕೇಳುತ್ತಿದ್ದೇನೆ.

ಆ ನೀರಂಚಿನ ಭದ್ರತೆ ಬರೀ ನೆಲದ ಕಾನೂನಿಗೆ ಸಂಬಂಧಿಸಿದ್ದೂ ಅಲ್ಲ. 2024ರ ಜೂನ್ 14ರಂದು ಪಾಸಿರ್ ಪಂಜಾಂಗ್ ಬಂದರಿನಲ್ಲಿ ಹೂಳೆತ್ತುವ ನೌಕೆಯೊಂದು ನಿಂತಿದ್ದ ಇಂಧನ ಹಡಗಿಗೆ ಬಡಿದು, ಸುಮಾರು 400 ಟನ್ ಎಣ್ಣೆ ನೀರಿಗೆ ಸುರಿಯಿತು. ಅದು ಈಸ್ಟ್ ಕೋಸ್ಟ್‌ನ ಮರಳಿಗೂ ಬಂದು ಮೆತ್ತಿಕೊಂಡಾಗ ದಂಡೆ ಮುಚ್ಚಬೇಕಾಯಿತು; ಸ್ವಯಂಸೇವಕರು ಸಾಲುಗಟ್ಟಿದರು. ದಿನವೂ ಓಡಾಡುವ ದಂಡೆಯ ಮೇಲೆ ಜನರಿಗೆ ಹುಟ್ಟುವ ಮಮತೆ ಕಾವಲಿನ ಕೆಲಸವನ್ನೂ ಮಾಡುತ್ತದೆ.

ಕಡಲಂಚಿಗೆ ಜನ ತಲುಪುವ ದಾರಿಯ ವಿಷಯದಲ್ಲಿ ನಮ್ಮ ದೇಶದ ಇತ್ತೀಚಿನ ಉದಾಹರಣೆ ಮುಂಬಯಿಯದು. ಅಲ್ಲಿನ ತುಳು, ಕನ್ನಡ ಮಾತಿನ ಲಕ್ಷಾಂತರ ಜನರಿಗೂ ಅದು ಮನೆಯ ವಿಷಯ. ದಕ್ಷಿಣ ಮುಂಬಯಿಯಿಂದ ವರ್ಲಿಯವರೆಗಿನ ಕರಾವಳಿ ರಸ್ತೆಗೆ 2019ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ತಡೆಯೊಡ್ಡಿತ್ತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೆಲಸ ಮುಂದುವರಿಸಲು ಬಿಟ್ಟಿತು. ವರ್ಲಿ ಕೋಳಿವಾಡದ ಮೀನುಗಾರರು ತಮ್ಮ ದೋಣಿಗಳು ಹಾಯಲು ಸೇತುವೆಯ ಕಂಬಗಳ ನಡುವಿನ ಅಂತರ ಸಾಲದೆಂದು ಪಟ್ಟು ಹಿಡಿದು, 60 ಮೀಟರನ್ನು 120ಕ್ಕೆ ಏರಿಸಿಕೊಂಡರು. 2024ರ ಮಾರ್ಚ್‌ನಿಂದ ರಸ್ತೆಯ ಮೇಲೆ ಕಾರುಗಳು ಓಡತೊಡಗಿದವು. ಕಡಲ ಪಕ್ಕದ ನಡಿಗೆಯ ಹಾದಿ ಜನರಿಗೆ ತೆರೆದದ್ದು 2025ರ ಆಗಸ್ಟಿನಲ್ಲಿ, ಅದೂ ರಸ್ತೆಯಡಿಯ ಸುರಂಗಗಳ ಮೂಲಕ. ಕಾರಿಗೂ ಕಾಲಿಗೂ ನಡುವೆ ಒಂದೂವರೆ ವರ್ಷದ ಅಂತರ. ಮನೆಗಳಿಗೂ ದಂಡೆಗೂ ನಡುವೆ ವೇಗಮಾರ್ಗ ಹಾಯಿಸಿದ ಸಿಂಗಪುರದ ತಪ್ಪನ್ನು ನಾವು ಅರ್ಧ ಶತಮಾನದ ಬಳಿಕ ಮತ್ತೆ ಮಾಡಿದೆವು.

ಎರಡನೆಯ ಆಕ್ಷೇಪ: ಅದು ಸಿರಿವಂತ ಪುಟ್ಟ ದೇಶ, ಅಲ್ಲಿನ ನೆಲದ ಬಹುಪಾಲು ಸರ್ಕಾರದ ಕೈಯಲ್ಲಿದೆ, ನಮಗೂ ಅದಕ್ಕೂ ಎಲ್ಲಿಯ ಹೋಲಿಕೆ? ಹಣದ ಮಾತು ನಿಜ. ಆದರೆ ಅವರು ಹಣ ಚೆಲ್ಲಿದ್ದು ಇಲ್ಲದ ದಂಡೆಯನ್ನು ಹುಟ್ಟಿಸಲಿಕ್ಕೆ. ಉಳ್ಳಾಲದಿಂದ ಕಾರವಾರದವರೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿ ನಮಗೆ ಪುಕ್ಕಟೆಯಾಗಿ ಬಂದಿದೆ. ಕೇಂದ್ರದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ ಇಂತಿಷ್ಟು ದೂರ ಕಟ್ಟಡ ಕಟ್ಟಬಾರದೆಂದು ಮೊದಲೇ ಹೇಳಿದೆ. ಗ್ರಾಮೀಣ ಭಾಗದಲ್ಲಿ ಅದು 200 ಮೀಟರ್ ಇತ್ತು. 2019ರ ಅಧಿಸೂಚನೆ ಹೆಚ್ಚು ಜನಸಾಂದ್ರತೆಯ ಊರುಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಹೀಗೆ ಕುಗ್ಗುತ್ತಿರುವ ಪಟ್ಟಿಯನ್ನು ‘ಕಟ್ಟಬಾರದ ಜಾಗ’ ಎಂದು ಕಾಗದದಲ್ಲಿ ಬಿಟ್ಟರೆ ಒಂದೊಂದೇ ಕಾಂಪೌಂಡ್ ಗೋಡೆ ಮುಂದೆ ಸರಿಯುತ್ತದೆ. ಅದೇ ಪಟ್ಟಿಯಲ್ಲಿ ಮಣ್ಣಿನ ಒಂದು ಹಾದಿ ಇದ್ದು, ಬೆಳಿಗ್ಗೆ ಸಂಜೆ ನಾಲ್ಕು ಜನ ನಡೆಯುತ್ತಿದ್ದರೆ, ಗೋಡೆ ಮುಂದೆ ಬಂದ ದಿನವೇ ಊರಿಗೆ ಗೊತ್ತಾಗುತ್ತದೆ. ಬಳಕೆಯಲ್ಲಿರುವ ದಾರಿಯಷ್ಟು ಒಳ್ಳೆಯ ಸರ್ವೆ ಕಲ್ಲು ಬೇರೊಂದಿಲ್ಲ.

ಮೂರನೆಯ ಆಕ್ಷೇಪವನ್ನು ಎತ್ತುವವರು ಕರಾವಳಿಯವರೇ, ಮತ್ತು ಅದು ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ. ನಮ್ಮ ಕಡಲು ಜಲಸಂಧಿಯಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬಿ ಸಮುದ್ರ ಎರಗುವ ರಭಸಕ್ಕೆ ದಂಡೆ ತಾನೇ ಜಾಗ ಬದಲಿಸುತ್ತದೆ. ಮಳೆಗಾಲದಲ್ಲಿ ಕೊಚ್ಚಿಹೋದ ಹೊಯ್ಗೆಯ ಒಂದಷ್ಟು ಪಾಲು ಬೇಸಿಗೆಯ ಹೊತ್ತಿಗೆ ಮರಳಿ ಬರುತ್ತದೆ. ಕೆಲವೆಡೆ ಬರುವುದೇ ಇಲ್ಲ. ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ತೇಲುವ ಸೇತುವೆ, ಮಳೆಗಾಲ ಕಾಲಿಡುವ ಮೊದಲೇ, ಕೆಲವೇ ದಿನಗಳಲ್ಲಿ ಅಲೆಗೆ ಸಿಕ್ಕಿ ಬಿಡಿಬಿಡಿಯಾದದ್ದನ್ನು ಎಲ್ಲರೂ ನೋಡಿದ್ದಾರೆ. ಹೀಗಿರುವಾಗ ಕಾಂಕ್ರೀಟು ಸುರಿದು, ಹೊಳೆಯುವ ಕಲ್ಲು ಹಾಸಿ, ಸರಳು ನೆಟ್ಟು ‘ವಾಟರ್ ಫ್ರಂಟ್’ ಮಾಡುವುದು ದುಡ್ಡನ್ನು ಕಡಲಿಗೆ ಎಸೆದಂತೆಯೇ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದರಿಂದ ಹೊರಡುವ ತೀರ್ಮಾನವನ್ನು ಇನ್ನಷ್ಟು ಮುಂದಕ್ಕೆ ಒಯ್ಯುತ್ತೇನೆ. ಗಟ್ಟಿ ಕಟ್ಟಡ ನಿಲ್ಲದ ಕಡೆ ಮೊದಲ ಸಾಲು ಖಾಲಿ ಇರಲೇಬೇಕು. ಖಾಲಿ ಇರುವ ಜಾಗಕ್ಕೆ ಗಾಳಿಮರದ ನೆರಳು ಮತ್ತು ಹಿಂದೆ ಸರಿಸಬಹುದಾದ ಹಾದಿಗಿಂತ ಹೊಂದುವ ಉಪಯೋಗ ಯಾವುದು? ಕಡಲ್ಕೊರೆತ ತಡೆಯಲು ವರ್ಷವರ್ಷವೂ ಬಂಡೆಗಲ್ಲು ಸುರಿದು ಕಟ್ಟುವ ಗೋಡೆಗಳನ್ನು ನೋಡಿ. ಮನೆ ಮುಳುಗುವ ಭಯದಲ್ಲಿರುವವರಿಗೆ ಅವು ಬೇಕೆನಿಸುವುದು ಸಹಜ, ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಗೋಡೆ ಎದ್ದ ಕಡೆ ಅದರ ಮುಂದಿನ ಹೊಯ್ಗೆ ಸವೆಯುತ್ತದೆ, ಪಕ್ಕದ ಊರಿನ ದಂಡೆಗೆ ಏಟು ಬೀಳುತ್ತದೆ, ನಾಡದೋಣಿ ಎಳೆಯಲು ಜಾಗವಿರುವುದಿಲ್ಲ, ನೀರಿಗೆ ಇಳಿಯಬೇಕೆಂದರೆ ಚೂಪು ಕಲ್ಲುಗಳ ಮೇಲೆ ಹತ್ತಿ ಇಳಿಯಬೇಕು. ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ನೀರೊಳಗೆ ಬಂಡೆಸಾಲು ಕಟ್ಟಿ ಅಲೆಯ ಬಲವನ್ನು ದೂರದಲ್ಲೇ ತಗ್ಗಿಸಲು ನೋಡಿದ್ದು ಬೇರೆಯ ದಾರಿ ಹುಡುಕುವ ಪ್ರಯತ್ನ. ನಮಗೆ ಬೇಕಾದ ಕಡಲ ಹಾದಿಯನ್ನು ಈ ಇಡೀ ಲೆಕ್ಕದ ಭಾಗವಾಗಿ ಯೋಚಿಸಬೇಕು, ಗೋಡೆಯ ತಲೆಯ ಮೇಲೆ ಕೂರಿಸುವ ಅಲಂಕಾರವಾಗಿ ಅಲ್ಲ.

ಇದಕ್ಕೆ ಸೇರಿಕೊಂಡ ಇನ್ನೊಂದು ಮಾತಿದೆ. ನಮ್ಮ ದಂಡೆ ಬರಿದಾದ ನೆಲವಲ್ಲ, ಅದು ಕೆಲಸದ ಅಂಗಳ. ದಡದಿಂದ ಕೈರಂಪಣಿ ಬಲೆ ಎಳೆಯುವವರಿಗೆ ಉದ್ದನೆಯ ಹೊಯ್ಗೆ ಬೇಕು. ಬಲೆ ಹರಡಲು, ಹರಿದದ್ದನ್ನು ಹೊಲಿಯಲು, ಮೀನು ಒಣಗಿಸಲು, ಮಳೆಗಾಲದಲ್ಲಿ ದೋಣಿಗಳನ್ನು ಮೇಲೆಳೆದು ಸೋಗೆ ಹೊದಿಸಿಡಲು ಜಾಗ ಬೇಕು. ಮೊಗವೀರ, ಖಾರ್ವಿ ಮೀನುಗಾರರು ತಲೆಮಾರುಗಳಿಂದ ಕಾಯ್ದುಕೊಂಡು ಬಂದದ್ದರಿಂದಲೇ ಇಂದು ಉಳಿದವರಿಗೆ ನೋಡಲು ದಂಡೆ ಎಂಬುದಿದೆ. ಪ್ರವಾಸಿಗರ ಕಣ್ಣಿಗೆ ಒಣಮೀನಿನ ಚಪ್ಪರ ಹಿಡಿಸುವುದಿಲ್ಲವೆಂದು ಅದನ್ನು ಎತ್ತಿಸುವ ಉದ್ಯಾನ ನಮಗೆ ಬೇಡ. ಮೀನು ಇಳಿಯುವ ಕಡೆಗಳಲ್ಲಿ ಹಾದಿಯೇ ಹಿಂದೆ ಸರಿದು, ತೆಂಗಿನ ತೋಟಗಳ ಬದಿಯಿಂದ ಬಳಸಿಕೊಂಡು ಹೋಗಲಿ. ಕಡಲಾಮೆಗಳು ಮೊಟ್ಟೆಯಿಡುವ ತಾಣಗಳಲ್ಲಿ ರಾತ್ರಿ ದೀಪವಿಲ್ಲದೆ ಕತ್ತಲಿರಲಿ. ಮರಿಗಳು ಬೆಳಕಿನ ಕಡೆಗೆ ತೆವಳುತ್ತವೆ, ದೀಪ ಊರ ಕಡೆಗಿದ್ದರೆ ಅವು ಕಡಲು ಸೇರುವುದೇ ಇಲ್ಲ. ವರ್ಲಿಯ ಮೀನುಗಾರರು ಕೇಳಿ ಪಡೆದ ಆ ಅರವತ್ತು ಮೀಟರ್ ನಮ್ಮಲ್ಲಿ ಕೇಳುವ ಮೊದಲೇ ನಕ್ಷೆಯಲ್ಲಿರಬೇಕು.

2020ರಲ್ಲಿ ಹೊನ್ನಾವರದ ಕಾಸರಕೋಡಿಗೂ ಪಡುಬಿದ್ರಿಗೂ ಶುಚಿ, ಸುರಕ್ಷಿತ ಕಡಲತೀರಕ್ಕೆ ಸಿಗುವ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಾಗ ಎಲ್ಲರೂ ಹೆಮ್ಮೆಪಟ್ಟರು, ಅದು ತಕ್ಕುದೇ. ನೀರಿನ ಪರೀಕ್ಷೆ, ಜೀವರಕ್ಷಕರು, ಸ್ವಚ್ಛತೆ ಇವೆಲ್ಲ ನಮ್ಮಲ್ಲೂ ಸಾಧ್ಯವೆಂದು ಅವು ತೋರಿಸಿದವು. ಆದರೆ ಅವು ಗುರುತು ಹಾಕಿದ ತುಣುಕುಗಳು. ಆ ವಲಯ ಮುಗಿದಲ್ಲಿ ಆ ಕಾಳಜಿಯೂ ಮುಗಿಯುತ್ತದೆ. ಮಲ್ಪೆಯ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಸಾಗುವ ಕಿರಿದಾದ ರಸ್ತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ದಂಡೆಗೆ ಸಮನಾಗಿ ಹರಿಯುವ ಹೊಳೆ, ನಡುವೆ ತೆಂಗು ಮತ್ತು ಮನೆಗಳು. ಯಾವ ಇಲಾಖೆಯೂ ಉದ್ಯಾನವೆಂದು ಘೋಷಿಸದಿದ್ದರೂ ಸೈಕಲಿನವರು ಅದನ್ನು ಆಗಲೇ ಆರಿಸಿಕೊಂಡಿದ್ದಾರೆ. ಅಲ್ಲಿ ಅಗಲೀಕರಣ ಬೇಡ. ವಾಹನಗಳ ವೇಗ ಇಳಿಸಿ, ಬೆಳಗಿನ ಕೆಲವು ಗಂಟೆ ಹೊರಗಿನ ಕಾರುಗಳನ್ನು ಎರಡೂ ತುದಿಯಲ್ಲೇ ನಿಲ್ಲಿಸಿ, ಅಲ್ಲಲ್ಲಿ ನೀರು, ಶೌಚಾಲಯ, ನೆರಳು ಒದಗಿಸಿದರೆ ಸಾಕು. ಊರವರ ಮನೆಗಳಲ್ಲೇ ಗಂಜಿ, ಮೀನು, ಬೊಂಡ ಮಾರಾಟವಾಗಲಿ. ಮರವಂತೆಯಲ್ಲಿ ಸಮಸ್ಯೆ ಬೇರೆ: ಅಲ್ಲಿ ರಾಷ್ಟ್ರೀಯ ಹೆದ್ದಾರಿ 66 ದಂಡೆಯ ಪಕ್ಕದಲ್ಲೇ ಓಡುತ್ತದೆ. ಸೌಪರ್ಣಿಕಾದ ಕಡೆಯಿಂದ ಕಡಲಿಗೆ ಹೋಗಬೇಕೆಂದರೆ ಲಾರಿಗಳ ನಡುವೆ ರಸ್ತೆ ದಾಟಬೇಕು. ಅಲ್ಲಿ ಮೊದಲು ಬೇಕಾಗಿರುವುದು ಮಗುವೂ ಧೈರ್ಯವಾಗಿ ದಾಟಬಲ್ಲ ಒಂದು ದಾರಿ.

ಉಳಿದಿರುವುದು ನಿರ್ವಹಣೆಯ ಪ್ರಶ್ನೆ. ಉದ್ಘಾಟನೆಯಾದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ದೂರು ಸುಳ್ಳಲ್ಲ. ಅದಕ್ಕೆ ನನ್ನ ಉತ್ತರ ಸರಳ ರಚನೆ ಮತ್ತು ಹತ್ತಿರದ ಯಜಮಾನಿಕೆ. ಮಣ್ಣಿನ ಹಾದಿ ಕೊಚ್ಚಿಹೋದರೆ ಗ್ರಾಮ ಪಂಚಾಯಿತಿಯೇ ಮತ್ತೆ ಮಾಡಿಸಬಹುದು, ರಾಜಧಾನಿಯ ಟೆಂಡರಿಗೆ ಕಾಯಬೇಕಿಲ್ಲ. ಮಳೆಗಾಲದ ಮೂರು ತಿಂಗಳು ಹಾದಿಯನ್ನು ಮುಚ್ಚಿ, ಅಕ್ಟೋಬರಿನಲ್ಲಿ ಹೊಸ ದಂಡೆ ಎಲ್ಲಿ ನಿಂತಿದೆಯೋ ಅಲ್ಲಿಂದ ಅಳೆದು ಮತ್ತೆ ಗುರುತು ಹಾಕುವ ಪದ್ಧತಿ ಬಂದರೆ, ಕಡಲ್ಕೊರೆತದ ವರ್ಷವಾರು ದಾಖಲೆಯೂ ಊರಿನ ಕೈಯಲ್ಲೇ ಉಳಿಯುತ್ತದೆ. ಇದರ ಜೊತೆಗೆ ಪ್ರತಿ ಕಿಲೋಮೀಟರಿಗೆ ಒಂದಾದರೂ ಸಾರ್ವಜನಿಕ ಓಣಿ ಹೆದ್ದಾರಿಯಿಂದ ಕಡಲವರೆಗೆ ತೆರೆದಿರಬೇಕು, ಅದು ಕಂದಾಯ ನಕ್ಷೆಯಲ್ಲಿ ದಾಖಲಾಗಿರಬೇಕು. ಅನೇಕ ಊರುಗಳಲ್ಲಿ ಇಂಥ ಓಣಿಗಳು ಮೊದಲಿನಿಂದಲೂ ಇವೆ, ಮೀನಿನ ಬುಟ್ಟಿ ಹೊತ್ತ ಹೆಂಗಸರು ನಡೆದು ನಡೆದು ಮಾಡಿದವು. ರೆಸಾರ್ಟಿನ ಬೇಲಿ ಬೀಳುವ ಮೊದಲು ಅವನ್ನು ಪಟ್ಟಿ ಮಾಡುವ ಕೆಲಸಕ್ಕೆ ಕೋಟಿ ರೂಪಾಯಿ ಬೇಡ. ಒಬ್ಬ ಸರ್ವೆಯರ್, ಊರಿನ ಇಬ್ಬರು ಹಿರಿಯರು ಮತ್ತು ಒಂದು ಬೇಸಿಗೆ ಸಾಕು.